ಹ್ಯಾಮ್ ರೇಡಿಯೋಗೆ ತಂತಿ ಆಂಟೆನಾ: ಆಯ್ಕೆ ಮತ್ತು ಅಳವಡಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿ ರೇಡಿಯೋದ ಪರವಾನಗಿ ಕೈಸೇರಿದ ಹೊಸತರಲ್ಲಿ ಹೆಚ್ಚಿನವರು ಯಾವ ರೇಡಿಯೋ ಸೆಟ್ಟು ಕೊಳ್ಳಬೇಕೆಂದು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಆಂಟೆನಾದ ಮಾತು ಬರುವುದು ಸೆಟ್ಟು ಮನೆಗೆ ಬಂದ ಮೇಲೆ. ಕೆಳಗಿನ ಪ್ರಶ್ನೆಗಳು ಕರ್ನಾಟಕದ ನಗರಗಳ ತಾರಸಿ ಮತ್ತು ಹಳ್ಳಿಗಳ ತೋಟ, ಹಿತ್ತಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಎಚ್‌ಎಫ್ ಅಂದರೆ 3ರಿಂದ 30 ಮೆಗಾಹರ್ಟ್ಸ್ ವ್ಯಾಪ್ತಿಯಲ್ಲಿ ಮೊದಲ ಬಾರಿಗೆ ತಂತಿ ಕಟ್ಟಲು ಹೊರಟವರಿಗಾಗಿ ಉತ್ತರಿಸಿದವು.

ಮೊದಲ ಆಂಟೆನಾ ಯಾವುದಿರಬೇಕು?

7 ಮೆಗಾಹರ್ಟ್ಸ್‌ಗೆ ಕತ್ತರಿಸಿದ, ನಡುವಿನಿಂದ ಫೀಡ್ ಮಾಡುವ (ಅಂದರೆ ಅಲ್ಲಿ ಕೇಬಲ್ ಜೋಡಿಸುವ) ಅರ್ಧ ತರಂಗಾಂತರದ ಡೈಪೋಲ್, ಎರಡು ಬದಿಗೆ ಚಾಚಿದ ಎರಡು ಸಮ ತೋಳುಗಳ ತಂತಿ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ 7.000ರಿಂದ 7.200 ಮೆಗಾಹರ್ಟ್ಸ್‌ವರೆಗಿನ 40 ಮೀಟರ್ ಬ್ಯಾಂಡ್ ಲಭ್ಯವಿದ್ದು, ದಕ್ಷಿಣ ಭಾರತದ ಬೆಳಗಿನ ನೆಟ್‌ಗಳು (ನಿಗದಿತ ಹೊತ್ತಿಗೆ ರೇಡಿಯೋದಲ್ಲಿ ಎಲ್ಲರೂ ಸೇರುವ ಮಾತುಕತೆಗಳು), ಕನ್ನಡದಲ್ಲಿ ಮಾತಿಗೆ ಸಿಗುವ ಗೆಳೆಯರು, ಹೊಸಬರನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವ ಹಿರಿಯರು ಎಲ್ಲರೂ ಹೆಚ್ಚಾಗಿ ಅಲ್ಲೇ ಇರುತ್ತಾರೆ. ಡೈಪೋಲ್‌ನಲ್ಲಿ ಅಡಗಿಸಿಟ್ಟ ಭಾಗಗಳಿಲ್ಲ. ಎರಡು ತಂತಿ, ಮೂರು ಇನ್ಸುಲೇಟರ್, ಒಂದು ಕೇಬಲ್ ಅಷ್ಟೇ ಆಗಿರುವುದರಿಂದ ಏನಾದರೂ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂಬುದು ಹೊಸಬರಿಗೂ ಗೊತ್ತಾಗುತ್ತದೆ.

ಆದರೆ ಆಂಟೆನಾದ ಹೆಸರನ್ನು ನಿರ್ಧರಿಸುವ ಮೊದಲು ಒಂದು ಕೆಲಸ ಬಾಕಿ ಇದೆ. ಟೇಪು ಹಿಡಿದು ತಾರಸಿಗೋ ಹಿತ್ತಲಿಗೋ ಹೋಗಿ, ಹಗ್ಗ ಕಟ್ಟಬಹುದಾದ ಎರಡು ಅಥವಾ ಮೂರು ಎತ್ತರದ ಆಧಾರಗಳು ಎಲ್ಲಿವೆ, ಅವುಗಳ ನಡುವೆ ಎಷ್ಟು ದೂರವಿದೆ, ವಿದ್ಯುತ್ ತಂತಿ ಯಾವ ಬದಿಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವ ಆಂಟೆನಾ ಎಂಬ ಪ್ರಶ್ನೆಗೆ ಮುಕ್ಕಾಲು ಪಾಲು ಉತ್ತರ ಆ ಹಾಳೆಯಲ್ಲೇ ಸಿಗುತ್ತದೆ.

ತಂತಿಯ ಉದ್ದವನ್ನು ಹೇಗೆ ಲೆಕ್ಕ ಹಾಕುವುದು?

142.5 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ಡೈಪೋಲ್‌ನ ಒಟ್ಟು ಉದ್ದ ಮೀಟರುಗಳಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 20.07 ಮೀಟರ್, ಅಂದರೆ ಪ್ರತಿ ತೋಳಿಗೆ ಸುಮಾರು 10.03 ಮೀಟರ್. 14.2 ಮೆಗಾಹರ್ಟ್ಸ್‌ಗೆ ಪ್ರತಿ ತೋಳು ಸುಮಾರು 5.02 ಮೀಟರ್, 21.2ಕ್ಕೆ ಸುಮಾರು 3.36 ಮೀಟರ್.

ಈ ಲೆಕ್ಕ ಕತ್ತರಿ ಹಾಕಲು ಶುರುಮಾಡುವ ಜಾಗವನ್ನು ತೋರಿಸುತ್ತದೆಯೇ ಹೊರತು ಕೊನೆಯ ಅಳತೆಯನ್ನಲ್ಲ. ಪಿವಿಸಿ ಹೊದಿಕೆಯ ತಂತಿಯಲ್ಲಿ ತರಂಗದ ವೇಗ ಸ್ವಲ್ಪ ತಗ್ಗುವುದರಿಂದ ಅದು ಬರಿ ತಂತಿಗಿಂತ ನೂರಕ್ಕೆ 2ರಿಂದ 5 ಪಾಲು ಗಿಡ್ಡವಾಗಬೇಕಾಗುತ್ತದೆ. ನೆಲದಿಂದ ಇರುವ ಎತ್ತರ, ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣ, ಪಕ್ಕದ ಸೋಲಾರ್ ವಾಟರ್ ಹೀಟರ್ ಎಲ್ಲವೂ ಅನುರಣನವನ್ನು (ತಂತಿ ಸಹಜವಾಗಿ ಸ್ಪಂದಿಸುವ ಆವೃತ್ತಿಯನ್ನು) ಅತ್ತಿತ್ತ ಎಳೆಯುತ್ತವೆ. ಆದ್ದರಿಂದ ಪ್ರತಿ ತೋಳನ್ನು ಲೆಕ್ಕಕ್ಕಿಂತ 30ರಿಂದ 40 ಸೆಂಟಿಮೀಟರ್ ಉದ್ದವಾಗಿಯೇ ಕತ್ತರಿಸಿ, ಕಟ್ಟಿ, ಅಳೆದು, ಆಮೇಲೆ ಮೊಟಕುಗೊಳಿಸುವುದು ರೂಢಿ.

ಮೊಟಕುಗೊಳಿಸುವಾಗ ಎಷ್ಟು ಕತ್ತರಿಸಬೇಕೆಂದು ತಿಳಿಯುವುದು ಹೇಗೆ?

ಅಂದಾಜಿನಲ್ಲಿ ಚೂರು ಚೂರೇ ಕತ್ತರಿಸಿ ಹತ್ತು ಸಲ ಇಳಿಸಿ ಏರಿಸುವ ಅಗತ್ಯವಿಲ್ಲ. ನ್ಯಾನೋವಿಎನ್‌ಎ ಅಥವಾ ಆಂಟೆನಾ ಅನಲೈಸರ್‌ನಿಂದ ಎಸ್‌ಡಬ್ಲ್ಯೂಆರ್ (ಆಂಟೆನಾ ಮತ್ತು ಕೇಬಲ್ ಎಷ್ಟು ಹೊಂದಿಕೊಂಡಿವೆ ಎಂದು ತೋರುವ ಅಳತೆ, 1 ಅಂದರೆ ಪೂರ್ಣ ಹೊಂದಿಕೆ) ಎಲ್ಲಿ ಕನಿಷ್ಠವಾಗಿದೆ ಎಂದು ನೋಡಿ, ಈಗಿನ ಉದ್ದವನ್ನು ಆ ಆವೃತ್ತಿಯಿಂದ ಗುಣಿಸಿ, ಬೇಕಾದ ಆವೃತ್ತಿಯಿಂದ ಭಾಗಿಸಿದರೆ ಹೊಸ ಉದ್ದ ಸಿಗುತ್ತದೆ.

ಒಂದು ಉದಾಹರಣೆ ನೋಡಿ. ಪ್ರತಿ ತೋಳು 10.40 ಮೀಟರ್ ಇದ್ದು, ಕನಿಷ್ಠ ಎಸ್‌ಡಬ್ಲ್ಯೂಆರ್ 6.85 ಮೆಗಾಹರ್ಟ್ಸ್‌ನಲ್ಲಿ ಕಾಣಿಸಿದೆ ಎಂದುಕೊಳ್ಳಿ. ನಿಮಗೆ ಬೇಕಿರುವುದು 7.10. 10.40ನ್ನು 6.85ರಿಂದ ಗುಣಿಸಿ 7.10ರಿಂದ ಭಾಗಿಸಿದರೆ 10.03 ಬರುತ್ತದೆ, ಅಂದರೆ ಪ್ರತಿ ತೋಳಿನಿಂದ ಸುಮಾರು 37 ಸೆಂಟಿಮೀಟರ್ ಕಡಿಮೆಯಾಗಬೇಕು. ಮೊದಲ ಸಲ 30 ಸೆಂಟಿಮೀಟರ್ ಮಾತ್ರ ತೆಗೆದು ಮತ್ತೆ ಅಳೆಯಿರಿ. ಕತ್ತರಿಸುವ ಬದಲು ತುದಿಯನ್ನು ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತಿದರೂ ಹೆಚ್ಚುಕಡಿಮೆ ಅದೇ ಪರಿಣಾಮ ಸಿಗುವುದರಿಂದ, ಮುಂದೆ ಆಂಟೆನಾವನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸುವ ಸಾಧ್ಯತೆ ಇದ್ದವರು ಮಡಚುವುದೇ ಮೇಲು. ಎರಡೂ ತೋಳುಗಳಿಂದ ಸಮನಾಗಿ ತೆಗೆಯಬೇಕೆಂಬುದನ್ನು ಮರೆಯಬಾರದು.

ಯಾವ ತಂತಿ ಬಳಸಬೇಕು?

ಮನೆಯ ವೈರಿಂಗ್‌ಗೆ ಬಳಸುವ ಮಲ್ಟಿಸ್ಟ್ರ್ಯಾಂಡ್ ತಾಮ್ರದ ತಂತಿ ಸಾಕು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ಒಂದೂವರೆ ಸ್ಕ್ವೇರ್’ ಅಥವಾ ‘ಎರಡೂವರೆ ಸ್ಕ್ವೇರ್’ ಎಂದು ಕೇಳಿದರೆ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಸುರುಳಿಯಲ್ಲಿ 90 ಮೀಟರ್ ಇರುವುದರಿಂದ ಇಬ್ಬರು ಗೆಳೆಯರು ಹಂಚಿಕೊಂಡರೂ ಪ್ರಯೋಗಕ್ಕೆ ಮಿಗುತ್ತದೆ. ಮೃದು ತಾಮ್ರ ತನ್ನ ತೂಕಕ್ಕೂ ಗಾಳಿಗೂ ನಿಧಾನವಾಗಿ ಹಿಗ್ಗುತ್ತದೆ, ಹಾಗಾಗಿ ಕಟ್ಟಿ ಕೆಲವು ವಾರಗಳಾದ ಮೇಲೆ ಅನುರಣನ ಸ್ವಲ್ಪ ಕೆಳಗೆ ಸರಿದರೆ ಗಾಬರಿಪಡಬೇಕಿಲ್ಲ. ಉಡುಪಿ, ಕಾರವಾರದಂಥ ಕಡಲತೀರದ ಊರುಗಳಲ್ಲಿ ಬರಿ ತಂತಿಗಿಂತ ಹೊದಿಕೆಯ ತಂತಿ ಒಳ್ಳೆಯದು. ಬೆಸುಗೆಯ ಜಾಗಗಳನ್ನು ಉಪ್ಪುಗಾಳಿ ತಾಗದಂತೆ ಮುಚ್ಚಬೇಕು. ಜಿಐ ತಂತಿ ಅಗ್ಗವಾದರೂ ಅದರ ಪ್ರತಿರೋಧ ಹೆಚ್ಚು, ತುಕ್ಕೂ ಹಿಡಿಯುತ್ತದೆ.

30×40 ಸೈಟಿನ ತಾರಸಿಯಲ್ಲಿ 20 ಮೀಟರ್ ತಂತಿ ಹೇಗೆ ಹಿಡಿಸೀತು?

ನಗರದವರು ಅತಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ‘ಜಾಗ ಇಲ್ಲ’ ಎಂದು ಎಚ್‌ಎಫ್ ಆಸೆಯನ್ನೇ ಬಿಟ್ಟವರು ಸಾಕಷ್ಟು ಜನರಿದ್ದಾರೆ. 30×40 ಅಡಿಯ ಸೈಟಿನ ಕರ್ಣ ಸರಿಯಾಗಿ 50 ಅಡಿ, ಅಂದರೆ ಸುಮಾರು 15.2 ಮೀಟರ್. ಸುತ್ತ ಬಿಟ್ಟ ಜಾಗವನ್ನು ಕಳೆದರೆ ತಾರಸಿಯ ಮೂಲೆಯಿಂದ ಮೂಲೆಗೆ 12ರಿಂದ 14 ಮೀಟರ್ ಸಿಗಬಹುದು. 40×60 ಸೈಟಿನಲ್ಲಾದರೆ ಕರ್ಣ 72 ಅಡಿ, ಸುಮಾರು 22 ಮೀಟರ್ ಇರುವುದರಿಂದ ಪೂರ್ತಿ ಡೈಪೋಲ್ ನೇರವಾಗಿಯೇ ಕೂರುವ ಸಾಧ್ಯತೆ ಇದೆ.

ಡೈಪೋಲ್ ನೆಟ್ಟಗೇ ಇರಬೇಕೆಂಬ ನಿಯಮವಿಲ್ಲ. ಅರ್ಧ ತರಂಗಾಂತರದ ತಂತಿಯಲ್ಲಿ ವಿದ್ಯುತ್ ಪ್ರವಾಹ ನಡುವಿನಲ್ಲಿ ಗರಿಷ್ಠವಾಗಿದ್ದು ತುದಿಗೆ ಹೋಗುತ್ತಾ ಸೊನ್ನೆಯಾಗುತ್ತದೆ. ತರಂಗ ಹೊಮ್ಮುವುದು ಮುಖ್ಯವಾಗಿ ಪ್ರವಾಹ ಹೆಚ್ಚಿರುವ ಭಾಗದಿಂದ. ಲೆಕ್ಕ ಹಾಕಿದರೆ ನಡುವಿನ ಅರ್ಧ ಉದ್ದವೇ ಸುಮಾರು ನೂರಕ್ಕೆ 70 ಪಾಲು ಕೆಲಸ ಮಾಡುತ್ತದೆ. 20 ಮೀಟರ್ ತಂತಿಯಲ್ಲಿ ನಡುವಿನ 14 ಮೀಟರ್ ಅಡ್ಡಲಾಗಿದ್ದು ಎರಡು ಕಡೆ 3 ಮೀಟರ್ ಕೆಳಕ್ಕೆ ಜೋತುಬಿದ್ದಿದ್ದರೆ, ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಕೆಲಸ ಅಡ್ಡ ಭಾಗದಲ್ಲೇ ನಡೆದಿರುತ್ತದೆ. ಹಾಗಾಗಿ ತಾರಸಿಯ ನಡುವೆ, ಹೆಚ್ಚಾಗಿ ಮೆಟ್ಟಿಲ ಕೋಣೆಯ ಅಥವಾ ಓವರ್‌ಹೆಡ್ ಟ್ಯಾಂಕಿನ ಪಕ್ಕದಲ್ಲಿ, 5 ಮೀಟರಿನ ಪೈಪು ನಿಲ್ಲಿಸಿ, ಎರಡು ಮೂಲೆಗಳಲ್ಲಿ 2ರಿಂದ 3 ಮೀಟರಿನ ಸಣ್ಣ ಪೈಪುಗಳಿಗೆ ತೋಳುಗಳನ್ನು ಎಳೆದು, ಉಳಿದ ತಂತಿಯನ್ನು ಸೈಟಿನ ಗಡಿಯೊಳಗೇ ಗೋಡೆಯಿಂದ ದೂರವಾಗಿ ಇಳಿಬಿಡಬಹುದು. ಇಳಿಬಿಟ್ಟ ತುದಿಗಳಿಗೆ ಸಣ್ಣ ಭಾರ ಕಟ್ಟಿ, ಕೆಳಗಿನ ಮನೆಯವರ ಕಿಟಕಿ, ಬಾಲ್ಕನಿಗಳಿಂದ ಕೈಗೆ ಎಟುಕದಂತೆ ನೋಡಿಕೊಳ್ಳಬೇಕು, ಏಕೆಂದರೆ ಪ್ರಸಾರದ ಹೊತ್ತಿಗೆ ತುದಿಯಲ್ಲಿ ವೋಲ್ಟೇಜು ನೂರಾರು ವೋಲ್ಟ್ ಇರುತ್ತದೆ.

ಎರಡು ಕರ್ಣಗಳಲ್ಲಿ ಯಾವುದನ್ನು ಆರಿಸುವುದು? ರಸ್ತೆಯ ಕಂಬ ಯಾವ ಮೂಲೆಯ ಹತ್ತಿರವಿದೆಯೋ ಆ ಮೂಲೆಯನ್ನು ಬಿಟ್ಟು ಇನ್ನೊಂದನ್ನು. ಪ್ರಸಾರದ ದಿಕ್ಕಿನ ಲೆಕ್ಕಾಚಾರವೆಲ್ಲ ಇದರ ನಂತರ.

ಇನ್ವರ್ಟೆಡ್ ವಿ ಎಂದರೇನು? ಅದು ಡೈಪೋಲ್‌ಗಿಂತ ಕಡಿಮೆಯೇ?

ಒಂದೇ ಎತ್ತರದ ಆಧಾರ ಇರುವಲ್ಲಿ ನಡುವನ್ನು ಮೇಲಕ್ಕೆತ್ತಿ ಎರಡೂ ತೋಳುಗಳನ್ನು ಇಳಿಜಾರಾಗಿ ಕಟ್ಟಿದ ಡೈಪೋಲ್‌ಗೆ ಆ ಹೆಸರು. ತೋಳುಗಳ ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗದಂತೆ ನೋಡಿಕೊಂಡರೆ ನಷ್ಟ ಅಲ್ಪ. 120 ಡಿಗ್ರಿ ಕೋನದಲ್ಲಿ 10 ಮೀಟರಿನ ತೋಳುಗಳು ನಡುವಿಗಿಂತ 5 ಮೀಟರ್ ಕೆಳಗಿಳಿದು, ತುದಿಯಿಂದ ತುದಿಗೆ ಸುಮಾರು 17.3 ಮೀಟರ್ ಜಾಗ ಕೇಳುತ್ತವೆ. 90 ಡಿಗ್ರಿಯಲ್ಲಿ 7 ಮೀಟರ್ ಇಳಿದು 14 ಮೀಟರ್ ಜಾಗ ಸಾಕಾಗುತ್ತದೆ. ಮುಕ್ತ ಆಕಾಶದಲ್ಲಿ ನೇರ ಡೈಪೋಲ್‌ನ ಇಂಪೀಡೆನ್ಸ್ (ಎಸಿ ಪ್ರವಾಹಕ್ಕೆ ಒಡ್ಡುವ ತಡೆ) ಸುಮಾರು 73 ಓಮ್ ಆಗಿದ್ದರೆ, ತೋಳುಗಳು ಬಾಗಿದಂತೆ ಅದು 50 ಓಮ್ ಕಡೆಗೆ ಇಳಿಯುವುದರಿಂದ 50 ಓಮ್‌ನ ಕೇಬಲ್‌ಗೆ ಹೊಂದಿಕೆಯೂ ಚೆನ್ನಾಗಿರುತ್ತದೆ. ಭಾರವಾದ ಕೇಬಲ್ಲನ್ನು ಹೊರುವುದು ನಡುವಿನ ಕಂಬವೇ ಆದ್ದರಿಂದ ತಂತಿ ಜೋಲುವುದೂ ಇಲ್ಲ.

ಎಷ್ಟು ಎತ್ತರದಲ್ಲಿ ಕಟ್ಟಬೇಕು?

ಯಾರೊಂದಿಗೆ ಮಾತಾಡಬೇಕು ಎಂಬುದರ ಮೇಲೆ ಎತ್ತರ ನಿಂತಿದೆ. 7 ಮೆಗಾಹರ್ಟ್ಸ್‌ನ ಡೈಪೋಲ್ 6ರಿಂದ 10 ಮೀಟರ್ ಎತ್ತರದಲ್ಲಿದ್ದರೆ ಅದರ ಶಕ್ತಿಯ ಬಹುಪಾಲು ನೆತ್ತಿಯ ಕಡೆಗೇ ಹೊಮ್ಮಿ, ಅಯಾನುಗೋಳದಿಂದ (ರೇಡಿಯೋ ತರಂಗವನ್ನು ಹಿಂದಕ್ಕೆ ತಿರುಗಿಸುವ ವಾಯುಮಂಡಲದ ಮೇಲಿನ ಪದರದಿಂದ) ಹಿಂತಿರುಗಿ ನಾಲ್ಕೈದು ನೂರು ಕಿಲೋಮೀಟರ್ ದೂರದೊಳಗೆ ಮಳೆಯಂತೆ ಬೀಳುತ್ತದೆ. ಬೆಂಗಳೂರಿನಿಂದ ಮಂಗಳೂರು, ಧಾರವಾಡ, ಬಳ್ಳಾರಿಗಳ ಜೊತೆ ಹಗಲಿನಲ್ಲಿ ಮಾತಾಡಲು ಇದೇ ಬೇಕಾದ ಗುಣ. ನಡುವೆ ಪಶ್ಚಿಮ ಘಟ್ಟ ಅಡ್ಡವಾದರೂ ಲೆಕ್ಕಕ್ಕಿಲ್ಲ. ಭೂಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುವುದರಿಂದ ನಮ್ಮ ಭಾಗದ ಅಯಾನುಗೋಳ ಹಗಲಿನಲ್ಲಿ ಈ ಬಗೆಯ ಪ್ರಸಾರಕ್ಕೆ ಬಹುತೇಕ ದಿನ ಒದಗಿಬರುತ್ತದೆ. ಕಡಿಮೆ ಎತ್ತರದ ಆಂಟೆನಾ ಎಂದರೆ ಸೋತ ಆಂಟೆನಾ ಎಂದು ಹೀಗಳೆಯುವವರ ಮಾತನ್ನು 40 ಮೀಟರ್ ಬ್ಯಾಂಡಿನ ಮಟ್ಟಿಗೆ ಪೂರ್ತಿ ನಂಬಬೇಡಿ.

ದೂರದೇಶಗಳ ವಿಷಯ ಬೇರೆ. ಅಲ್ಲಿಗೆ ತರಂಗ ದಿಗಂತದ ಕಡೆಗೆ ಬಾಗಿ ಹೊರಡಬೇಕು, ಅದಕ್ಕೆ ಕನಿಷ್ಠ ಅರ್ಧ ತರಂಗಾಂತರದ ಎತ್ತರ ಬೇಕು. ಅಷ್ಟು ಎತ್ತರದಲ್ಲಿ ಗರಿಷ್ಠ ಪ್ರಸಾರ ಸುಮಾರು 30 ಡಿಗ್ರಿ ಕೋನದಲ್ಲಿರುತ್ತದೆ. 7 ಮೆಗಾಹರ್ಟ್ಸ್‌ಗೆ ಅರ್ಧ ತರಂಗಾಂತರವೆಂದರೆ 20 ಮೀಟರ್ ಕಂಬ, ಹೆಚ್ಚಿನವರಿಗೆ ಆಗದ ಮಾತು. 14 ಮೆಗಾಹರ್ಟ್ಸ್‌ಗೆ 10 ಮೀಟರ್ ಸಾಕು, ಮೂರು ಅಂತಸ್ತಿನ ಮನೆಯ ತಾರಸಿ ಅಷ್ಟಿರುತ್ತದೆ. ಆದ್ದರಿಂದ ವಿದೇಶದ ಆಸೆಯಿದ್ದವರು 40 ಮೀಟರ್ ಬ್ಯಾಂಡಿನ ತಂತಿಯನ್ನು ಎತ್ತರಿಸಲು ಹೆಣಗುವ ಬದಲು 20 ಮೀಟರ್ ಬ್ಯಾಂಡಿಗೆ, ಅಂದರೆ 14 ಮೆಗಾಹರ್ಟ್ಸ್‌ಗೆ, ಇನ್ನೊಂದು ತಂತಿ ಕಟ್ಟುವುದು ಲಾಭಕರ.

ಯಾವ ದಿಕ್ಕಿಗೆ ಕಟ್ಟಬೇಕು?

7 ಮೆಗಾಹರ್ಟ್ಸ್‌ನಲ್ಲಿ, ಮೇಲೆ ಹೇಳಿದ ಎತ್ತರಗಳಲ್ಲಿ, ದಿಕ್ಕು ಮುಖ್ಯವಲ್ಲ. 14 ಮೆಗಾಹರ್ಟ್ಸ್ ಮತ್ತು ಮೇಲಿನ ಬ್ಯಾಂಡ್‌ಗಳಲ್ಲಿ ಡೈಪೋಲ್ ತನ್ನ ಅಗಲದ ಎರಡು ಬದಿಗಳಿಗೆ ಚೆನ್ನಾಗಿಯೂ ತುದಿಗಳ ಕಡೆಗೆ ದುರ್ಬಲವಾಗಿಯೂ ಹೊಮ್ಮಿಸುತ್ತದೆ. ಬೆಂಗಳೂರಿನಿಂದ ಲಂಡನ್ ಸುಮಾರು 320 ಡಿಗ್ರಿ ದಿಕ್ಕಿನಲ್ಲಿದೆ, ನ್ಯೂಯಾರ್ಕ್ ಸುಮಾರು 335ರಲ್ಲಿ, ಸಿಡ್ನಿ ಸುಮಾರು 127ರಲ್ಲಿ. ಹೀಗಾಗಿ ತಂತಿಯನ್ನು ಈಶಾನ್ಯದಿಂದ ನೈಋತ್ಯಕ್ಕೆ ಎಳೆದರೆ ಒಂದು ಬದಿಗೆ ಯುರೋಪು ಮತ್ತು ಅಮೆರಿಕದ ಪೂರ್ವ ಭಾಗ, ಇನ್ನೊಂದು ಬದಿಗೆ ಆಸ್ಟ್ರೇಲಿಯಾ ಸಿಗುತ್ತವೆ. ಜಪಾನ್ ಮಾತ್ರ ತುದಿಯ ಕಡೆಗೆ ಬಿದ್ದು ಸ್ವಲ್ಪ ನಷ್ಟವಾಗುತ್ತದೆ.

ತೆಂಗು, ಅಡಿಕೆ ಮರಗಳಿಗೆ ಕಟ್ಟಬಹುದೇ?

ಕಟ್ಟಬಹುದು, ಆದರೆ ಮರಕ್ಕೆ ತಂತಿಯನ್ನು ನೇರವಾಗಿ ಬಿಗಿಯಬಾರದು. ಅಡಿಕೆ ಮರ ಗಾಳಿಗೆ ಎಷ್ಟು ಬಾಗುತ್ತದೆ ಎಂಬುದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಎರಡು ಮರಗಳು ಎದುರುಬದುರು ದಿಕ್ಕಿಗೆ ವಾಲಿದಾಗ ಬಿಗಿಯಾದ ತಂತಿ ತುಂಡಾಗಲೇಬೇಕು. ಒಂದು ತುದಿಯನ್ನು ಗಟ್ಟಿಯಾಗಿ ಕಟ್ಟಿ, ಇನ್ನೊಂದು ತುದಿಯ ಹಗ್ಗವನ್ನು ಮರದ ಮೇಲಿನ ಸಣ್ಣ ರಾಟೆಯ ಮೂಲಕ ಹಾಯಿಸಿ, ಕೆಳಗೆ ಕಲ್ಲು ತುಂಬಿದ ಡಬ್ಬವನ್ನೋ ಮರಳಿನ ಚೀಲವನ್ನೋ ನೇತುಹಾಕಿದರೆ ಮರ ವಾಲಿದಂತೆ ಭಾರ ಮೇಲೆ ಕೆಳಗೆ ಆಡುತ್ತದೆ, ತಂತಿಯ ಬಿಗಿ ಮಾತ್ರ ಒಂದೇ ಸಮನಾಗಿರುತ್ತದೆ. ಆ ಭಾರದ ಕೆಳಗೆ ಯಾರೂ ಓಡಾಡದಂತೆ ಜಾಗ ಆರಿಸಿಕೊಳ್ಳಬೇಕು.

ರಾಟೆ ಕಟ್ಟುವ ಕೆಲಸವನ್ನು ಕೊಯ್ಲಿಗೆ ಬರುವ ಕೊನೆಗಾರರಿಗೆ ಒಪ್ಪಿಸುವುದು ಒಳ್ಳೆಯದು. ಹೇಗೂ ಮರ ಹತ್ತುತ್ತಾರೆ, ಎರಡು ನಿಮಿಷದಲ್ಲಿ ಮುಗಿಸುತ್ತಾರೆ, ಅವರ ಗಂಟು ಬಿಚ್ಚುವುದಿಲ್ಲ. ಮಾವು, ಹಲಸಿನಂಥ ಹರಡಿದ ಮರಗಳಿಗೆ ಗಾಳದ ನೈಲಾನ್ ದಾರಕ್ಕೆ ಸಣ್ಣ ಭಾರ ಕಟ್ಟಿ ಕವಣೆಯಿಂದ ಕೊಂಬೆಯ ಮೇಲೆ ಹಾಯಿಸಿ, ಅದರ ಹಿಂದೆ ದಪ್ಪ ಹಗ್ಗ ಎಳೆದುಕೊಳ್ಳಬಹುದು. ತೆಂಗಿನ ನಾರಿನ ಹಗ್ಗ ಒಂದು ಮಳೆಗಾಲಕ್ಕೆ ಕೊಳೆಯುತ್ತದೆ. ಅಂಗಡಿಯ ಅಗ್ಗದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ. ಬಿಸಿಲು ತಡೆಯುವ ಪಾಲಿಯೆಸ್ಟರ್ ಹಗ್ಗಕ್ಕೆ ಕೊಡುವ ಹಣ ವ್ಯರ್ಥವಲ್ಲ.

ಮಂಗಗಳ ವಿಚಾರಕ್ಕೆ ಪರಿಹಾರ ಕೇಳುವವರಿಗೆ ಹೇಳುವಂಥದ್ದು ಹೆಚ್ಚಿಲ್ಲ. ತೆಳು ತಂತಿಯ ಮೇಲೆ ಅವು ಜೋಕಾಲಿ ಆಡುವುದು ಕಡಿಮೆ, ಆದರೆ ಕೇಬಲ್ ಹಿಡಿದು ಇಳಿಯುವ ಅಭ್ಯಾಸ ಬಿಡುವುದಿಲ್ಲ. ಕೇಬಲ್ಲಿನ ಭಾರ ಕನೆಕ್ಟರಿನ ಮೇಲೆ ಬೀಳದಂತೆ ಅದನ್ನು ನಡುವಿನ ಇನ್ಸುಲೇಟರಿಗೆ ಬೇರೆಯಾಗಿ ಕಟ್ಟಿರಬೇಕು.

ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯನ್ನೇ ಕಂಬವಾಗಿ ಬಳಸಬಹುದೇ?

ಬೇಡ. ಕಾರ್ಬನ್ ಫೈಬರ್ ವಿದ್ಯುತ್ ವಾಹಕ. ತಂತಿಯನ್ನು ಅದರ ಉದ್ದಕ್ಕೂ ಕಟ್ಟಿದರೆ ಆಂಟೆನಾದ ವರ್ತನೆಯೇ ಬದಲಾಗುತ್ತದೆ. ವಿದ್ಯುತ್ ತಂತಿಗೆ ತಾಗಿದರೆ ಅಲ್ಯೂಮಿನಿಯಂ ದೋಟಿಯಷ್ಟೇ ಪ್ರಾಣಾಪಾಯ. ಬಿದಿರು ಗಳ ಅಥವಾ ಫೈಬರ್‌ಗ್ಲಾಸ್ ಕೋಲು ಸಾಕು.

ಕೇಬಲ್ ಯಾವುದು? ಟಿವಿ ಕೇಬಲ್ ನಡೆಯುತ್ತದೆಯೇ?

ಮನೆಯಿಂದ ಆಂಟೆನಾಕ್ಕೆ 20 ಮೀಟರ್ ಒಳಗೆ ದೂರವಿದ್ದು 100 ವಾಟ್ ಒಳಗಿನ ಸೆಟ್ಟು ಬಳಸುವವರಿಗೆ ಆರ್‌ಜಿ-58 ಎಂಬ ತೆಳು ಕೋಆಕ್ಸಿಯಲ್ ಕೇಬಲ್ (ನಡುವೆ ಒಂದು ತಂತಿ, ಅದರ ಸುತ್ತ ಲೋಹದ ಹೆಣಿಗೆ) ಸಾಕು. 7 ಮೆಗಾಹರ್ಟ್ಸ್‌ನಲ್ಲಿ ಆ ಉದ್ದಕ್ಕೆ ನಷ್ಟ 1 ಡೆಸಿಬಲ್ ಒಳಗೇ ಇರುತ್ತದೆ, ಎದುರಿನವರ ಕಿವಿಗೆ ಅದು ಗೊತ್ತೂ ಆಗುವುದಿಲ್ಲ. 28 ಮೆಗಾಹರ್ಟ್ಸ್‌ನಲ್ಲೂ ಕೆಲಸ ಮಾಡುವವರು, ಉದ್ದ ಹೆಚ್ಚಿರುವವರು ದಪ್ಪನೆಯ ಆರ್‌ಜಿ-213 ಕಡೆ ನೋಡಬಹುದು. ಆದರೆ ಆರ್‌ಜಿ-213 ಮೀಟರಿಗೆ ಸುಮಾರು 150 ಗ್ರಾಂ ತೂಗುತ್ತದೆ, ಆರ್‌ಜಿ-58 ಅದರ ಕಾಲು ಭಾಗ ಮಾತ್ರ. ಎರಡು ಮರಗಳ ನಡುವೆ ತೂಗುವ ಡೈಪೋಲ್‌ಗೆ ದಪ್ಪ ಕೇಬಲ್ ನೇತುಹಾಕಿದರೆ ನಡು ಕುಸಿಯುತ್ತದೆ.

ಟಿವಿಗೆ ಬಳಸುವ ಆರ್‌ಜಿ-6 ಕೇಬಲ್ 75 ಓಮ್‌ನದು. ಡೈಪೋಲ್‌ನ ಇಂಪೀಡೆನ್ಸ್ ಅದಕ್ಕೆ ಹತ್ತಿರವಿರುವುದರಿಂದ, ರೇಡಿಯೋ ತುದಿಯಲ್ಲಿ 1.5ರ ಆಸುಪಾಸಿನ ಎಸ್‌ಡಬ್ಲ್ಯೂಆರ್ ಕಂಡರೂ ಕೆಲಸ ನಡೆಯುತ್ತದೆ. ತೊಡಕಿರುವುದು ಜೋಡಣೆಯಲ್ಲಿ. ಅದರ ಹೊರಹೆಣಿಗೆ ಬಹುಪಾಲು ಅಲ್ಯೂಮಿನಿಯಮ್‌ನದಾದ್ದರಿಂದ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಒತ್ತಿ ಕೂರಿಸುವ ಎಫ್ ಕನೆಕ್ಟರನ್ನೇ ಬಳಸಬೇಕು.

ಯಾವ ಕೇಬಲ್ ಆದರೂ ಅದರ ಶತ್ರು ನೀರು. ಮೇಲಿನ ತುದಿಯ ಹೆಣಿಗೆಯೊಳಗೆ ಒಮ್ಮೆ ನೀರು ಇಳಿದರೆ ಅದು ಒಳಗೊಳಗೇ ಮೀಟರುಗಟ್ಟಲೆ ಹರಿದು ತಾಮ್ರವನ್ನು ಕಪ್ಪಾಗಿಸುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಸಾಮಾನ್ಯ ಇನ್ಸುಲೇಶನ್ ಟೇಪು ಸುತ್ತಬೇಕು. ಮನೆಯೊಳಗೆ ಬರುವ ಮುನ್ನ ಕೇಬಲ್ ಒಮ್ಮೆ ಕೆಳಕ್ಕೆ ಬಳುಕಿ ಮೇಲೇರುವಂತೆ ಬಿಟ್ಟರೆ ಮಳೆನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ.

ಬಾಲನ್ ಬೇಕೇ ಬೇಕೇ?

ಬಾಲನ್ ಎಂದರೆ ಕೇಬಲ್ಲು ಡೈಪೋಲ್‌ಗೆ ಸೇರುವಲ್ಲಿ ಹಾಕುವ, ಕೇಬಲ್ಲಿನ ಹೊರಮೈ ಮೇಲೆ ಪ್ರವಾಹ ಹರಿಯದಂತೆ ತಡೆಯುವ ಭಾಗ. ಅದಿಲ್ಲದೆಯೂ ಡೈಪೋಲ್ ಪ್ರಸಾರ ಮಾಡುತ್ತದೆ. ಆದರೆ ಎರಡೂ ತೋಳುಗಳು ಸಮಾನವಾದ ಡೈಪೋಲ್‌ಗೆ ಒಂದು ಬದಿ ನೆಲಕ್ಕೆ ಹೊಂದಿಕೊಂಡ ಕೋಆಕ್ಸಿಯಲ್ ಕೇಬಲ್ ಜೋಡಿಸಿದಾಗ, ಪ್ರವಾಹದ ಒಂದಂಶ ಕೇಬಲ್ಲಿನ ಹೊರಮೈ ಮೇಲೆ ಹರಿದು ಮನೆಯೊಳಕ್ಕೆ ಬರುತ್ತದೆ. ಮೈಕ್ ಮುಟ್ಟಿದರೆ ಚುರುಕ್ ಎನ್ನುವುದು, ಕೇಬಲ್ ಸರಿಸಿದರೆ ಎಸ್‌ಡಬ್ಲ್ಯೂಆರ್ ಬದಲಾಗುವುದು, ಮಾತಾಡಿದಾಗಲೆಲ್ಲ ಕಂಪ್ಯೂಟರಿನ ಮೌಸ್ ಸ್ತಬ್ಧವಾಗುವುದು ಇದರ ಲಕ್ಷಣಗಳು. ಕೇಳುವಾಗಲೂ ಅದೇ ಹೊರಮೈ ಮನೆಯ ಎಲ್‌ಇಡಿ ಬಲ್ಬು, ಯುಪಿಎಸ್, ಚಾರ್ಜರುಗಳ ಗದ್ದಲವನ್ನು ರಿಸೀವರಿಗೆ ಹೊತ್ತು ತರುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ನಗರವಾಸಿಗಳು ಬಾಲನ್ ಹಾಕಲು ಇದೊಂದೇ ಕಾರಣ ಸಾಕು.

ಡೈಪೋಲ್‌ಗೆ ಬೇಕಾದದ್ದು 1:1 ಕರೆಂಟ್ ಬಾಲನ್. 31 ಅಥವಾ 43 ಬಗೆಯ ದೊಡ್ಡ ಫೆರೈಟ್ ಬಳೆಯ ಮೇಲೆ ತೆಳು ಕೋಆಕ್ಸಿಯಲ್ ಕೇಬಲ್ಲನ್ನು 10ರಿಂದ 12 ಸುತ್ತು ಸುತ್ತಿ ಪಿವಿಸಿ ಡಬ್ಬದಲ್ಲಿಟ್ಟರೆ ಆಯಿತು. ಫೆರೈಟ್ ಸಿಗದಿದ್ದರೆ 4 ಇಂಚಿನ ಪಿವಿಸಿ ಪೈಪಿನ ಮೇಲೆ ಕೇಬಲ್ಲನ್ನೇ ಹನ್ನೆರಡು ಹದಿನಾರು ಸುತ್ತು ಸುತ್ತಬಹುದು. ಆದರೆ ಅದು ಮೇಲಿನ ಬ್ಯಾಂಡ್‌ಗಳಲ್ಲಿ ಕೆಲಸ ಮಾಡಿದಷ್ಟು ಚೆನ್ನಾಗಿ 7 ಮೆಗಾಹರ್ಟ್ಸ್‌ನಲ್ಲಿ ಮಾಡುವುದಿಲ್ಲ.

ಒಂದೇ ತಂತಿಯಲ್ಲಿ ಹಲವು ಬ್ಯಾಂಡ್‌ಗಳು ಸಾಧ್ಯವೇ?

7 ಮೆಗಾಹರ್ಟ್ಸ್ ಡೈಪೋಲ್ ಮೂರು ಪಟ್ಟು ಆವೃತ್ತಿಗಿಂತ ತುಸು ಮೇಲೆ ಮತ್ತೆ ಅನುರಣಿಸುವುದರಿಂದ, ಸೆಟ್ಟಿನೊಳಗಿನ ಟ್ಯೂನರ್ (ಹೊಂದಿಕೆ ಸರಿಪಡಿಸುವ ಸರ್ಕ್ಯೂಟ್) ಸಹಾಯದಿಂದ 21 ಮೆಗಾಹರ್ಟ್ಸ್ ಬಿಟ್ಟಿಯಾಗಿ ಸಿಗುತ್ತದೆ. 14 ಕೂಡ ಬೇಕಾದರೆ ಅದೇ ನಡುವಿನ ಇನ್ಸುಲೇಟರಿಗೆ 5 ಮೀಟರಿನ ಇನ್ನೆರಡು ತೋಳುಗಳನ್ನು ಜೋಡಿಸಿ, ಮೊದಲ ತಂತಿಗಳಿಂದ ಸಾಧ್ಯವಾದಷ್ಟು ಅಗಲಿಸಿ ಕಟ್ಟಬಹುದು. ಮೊದಲು ಉದ್ದದ್ದನ್ನು ಹೊಂದಿಸಿ, ಆಮೇಲೆ ಗಿಡ್ಡದ್ದನ್ನು.

ಇನ್ನೊಂದು ದಾರಿ, ಈಚೆಗೆ ಬಹಳ ಜನಪ್ರಿಯವಾಗಿರುವ ತುದಿಯಿಂದ ಫೀಡ್ ಮಾಡುವ ಅರ್ಧ ತರಂಗದ ಆಂಟೆನಾ. ಸುಮಾರು 20 ಮೀಟರ್ ತಂತಿ ಒಂದೇ 49:1 ಟ್ರಾನ್ಸ್‌ಫಾರ್ಮರ್ ಮೂಲಕ 7, 14, 21, 28 ಮೆಗಾಹರ್ಟ್ಸ್ ನಾಲ್ಕರಲ್ಲೂ ನಡೆಯುತ್ತದೆ. ಕೇಬಲ್ ಮನೆಯ ಬದಿಯಲ್ಲೇ ಇದ್ದು ತಂತಿ ಒಂದೇ ಕಡೆಗೆ ಹೋಗುವುದರಿಂದ ಬಹುಮಹಡಿ ವಸತಿ ಸಮುಚ್ಚಯದ ತಾರಸಿಗೆ, ತೋಟದ ಮನೆಯಿಂದ ಒಂದೇ ಮರಕ್ಕೆ ಎಳೆಯುವವರಿಗೆ ಅನುಕೂಲ. ಇದರ ಬೆಲೆಯನ್ನೂ ತಿಳಿದಿರಬೇಕು: ಆ ತುದಿಯ ಇಂಪೀಡೆನ್ಸ್ 2450 ಓಮ್ ಎಂದು ಹಿಡಿದರೆ 100 ವಾಟ್‌ಗೆ ಅಲ್ಲಿ ಸುಮಾರು 500 ವೋಲ್ಟ್ ಇರುತ್ತದೆ, ಟ್ರಾನ್ಸ್‌ಫಾರ್ಮರ್ ಸ್ವಲ್ಪ ಶಕ್ತಿಯನ್ನು ಶಾಖವಾಗಿ ತಿನ್ನುತ್ತದೆ, ಕೇಬಲ್ ತಾನೇ ಆಂಟೆನಾದ ಇನ್ನೊಂದು ಭಾಗದಂತೆ ವರ್ತಿಸುವುದರಿಂದ ಗದ್ದಲ ಒಳಬರುವ ಸಂಭವ ಹೆಚ್ಚು. ಟ್ರಾನ್ಸ್‌ಫಾರ್ಮರಿನ ಬಳಿ 2 ಮೀಟರಿನಷ್ಟು ಚಿಕ್ಕ ಎದುರು ತಂತಿ, ಮನೆಯೊಳಗೆ ಬರುವಲ್ಲಿ ಫೆರೈಟ್ ಚೋಕ್ ಹಾಕಿದರೆ ಬಹುಮಟ್ಟಿಗೆ ಹತೋಟಿಗೆ ಬರುತ್ತದೆ.

ಜಿ5ಆರ್‌ವಿ ಬಗ್ಗೆಯೂ ಕೇಳುತ್ತಾರೆ. ಬ್ರಿಟನ್ನಿನ ಲೂಯಿ ವಾರ್ನಿ 1946ರಲ್ಲಿ ರೂಪಿಸಿದ ಈ 31 ಮೀಟರ್ ಉದ್ದದ ಆಂಟೆನಾ ಮೂಲತಃ 14 ಮೆಗಾಹರ್ಟ್ಸ್‌ಗೆ ಮೂರು ಅರ್ಧ ತರಂಗಾಂತರದ ತಂತಿ. ಉಳಿದ ಬ್ಯಾಂಡ್‌ಗಳಿಗೆ ಟ್ಯೂನರ್ ಬೇಕು, 31 ಮೀಟರ್ ಜಾಗವೂ ಬೇಕು. ತೋಟವಿದ್ದವರು ಪ್ರಯತ್ನಿಸಬಹುದು.

ಎಸ್‌ಡಬ್ಲ್ಯೂಆರ್ 1:1 ಬಾರದಿದ್ದರೆ ಆಂಟೆನಾ ಕೆಟ್ಟದ್ದೇ?

ಅಲ್ಲ. ಎಸ್‌ಡಬ್ಲ್ಯೂಆರ್ 1.5 ಇದ್ದಾಗ ಹಿಂತಿರುಗುವ ಶಕ್ತಿ ನೂರಕ್ಕೆ 4 ಪಾಲು, 2 ಇದ್ದಾಗ ಸುಮಾರು 11 ಪಾಲು ಮಾತ್ರ. 1.5 ಬಂದ ಮೇಲೆ ಕತ್ತರಿ ಕೆಳಗಿಟ್ಟು ಮೈಕ್ ಹಿಡಿಯಿರಿ. ಪರೀಕ್ಷೆಗಾಗಿ ಆಂಟೆನಾದ ಬದಲು ಜೋಡಿಸುವ ಡಮ್ಮಿ ಲೋಡ್‌ನ ಎಸ್‌ಡಬ್ಲ್ಯೂಆರ್ ಎಲ್ಲ ಬ್ಯಾಂಡ್‌ಗಳಲ್ಲೂ 1:1 ಇರುತ್ತದೆ, ಅದು ಬೀದಿಯಾಚೆಗೂ ಕೇಳಿಸುವುದಿಲ್ಲ. ಹೈದರಾಬಾದಿನ ಅಷ್ಹರ್ ಫರ್ಹಾನ್ ವಿನ್ಯಾಸದ ಬಿಟೆಕ್ಸ್‌ನಂಥ ಕಡಿಮೆ ಶಕ್ತಿಯ, ರಕ್ಷಣಾ ಸರ್ಕ್ಯೂಟ್ ಇಲ್ಲದ ಮನೆಯಲ್ಲೇ ಜೋಡಿಸಿದ ಸೆಟ್ಟುಗಳವರು ಮಾತ್ರ ಪ್ರಸಾರಕ್ಕೆ ಮುನ್ನ ಹೊಂದಿಕೆಯ ಬಗ್ಗೆ ಹೆಚ್ಚು ಎಚ್ಚರ ವಹಿಸಬೇಕು.

ವಿದ್ಯುತ್ ತಂತಿಗಳಿಂದ ಎಷ್ಟು ದೂರವಿರಬೇಕು?

ಆಂಟೆನಾದ ಯಾವುದೇ ಹಗ್ಗ ಹರಿದರೂ, ಯಾವುದೇ ಕಂಬ ಯಾವ ಕಡೆಗೆ ಬಿದ್ದರೂ, ತಂತಿ ವಿದ್ಯುತ್ ಲೈನನ್ನು ಮುಟ್ಟಬಾರದು. ಅಷ್ಟು ದೂರ. ಲೈನಿನ ಮೇಲೆ ದಾಟಿಸುವುದು, ಕೆಳಗೆ ಹಾಯಿಸುವುದು, ವಿದ್ಯುತ್ ಕಂಬಕ್ಕೇ ಹಗ್ಗ ಕಟ್ಟುವುದು ಮೂರೂ ನಿಷಿದ್ಧ. ಹಳೆಯ ಬಡಾವಣೆಗಳ ಕಿರಿದಾದ ರಸ್ತೆಗಳಲ್ಲಿ 11 ಕೆವಿ ಲೈನು ಎರಡನೇ ಮಹಡಿಯ ಬಾಲ್ಕನಿಯ ಸಮಕ್ಕೇ ಹಾದಿರುತ್ತದೆ; ಅಂಥ ಮನೆಯಲ್ಲಿ ರಸ್ತೆಯ ಬದಿಯನ್ನು ಮರೆತುಬಿಡಿ. ಪೈಪು ಎತ್ತಿ ನಿಲ್ಲಿಸುವ ಕೆಲಸವನ್ನು ಒಬ್ಬರೇ ಮಾಡಬೇಡಿ, ಗಾಳಿಯಿರುವ ದಿನವಂತೂ ಬೇಡವೇ ಬೇಡ.

ಸಿಡಿಲಿಗೆ ಏನು ಮಾಡುವುದು?

ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆಗಳು ಮತ್ತು ಮತ್ತೆ ಅಕ್ಟೋಬರಿನ ಹಿಂಗಾರು ಗುಡುಗು ಸಿಡಿಲಿನ ಕಾಲ. ಬಳಸದಿರುವಾಗ ಕೇಬಲ್ಲನ್ನು ಸೆಟ್ಟಿನಿಂದ ಕಳಚಿ, ಸಾಧ್ಯವಾದರೆ ಕಿಟಕಿಯಾಚೆಗೆ ಇಡುವುದು ದಿನನಿತ್ಯದ ಅಭ್ಯಾಸವಾಗಬೇಕು. ಗುಡುಗು ಕೇಳಿದ ಮೇಲೆ ಕಳಚಲು ಹೋಗುವುದು ಅಪಾಯ. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಗ್ಯಾಸ್ ಡಿಸ್ಚಾರ್ಜ್ ಅರೆಸ್ಟರ್ (ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿ, ಅದನ್ನು ದಪ್ಪ ತಾಮ್ರದ ಪಟ್ಟಿಯಿಂದ ಅತಿ ಕಡಿಮೆ ದೂರದಲ್ಲಿ ಅರ್ತಿಂಗ್ ಗುಂಡಿಗೆ ಜೋಡಿಸಿ, ಆ ಅರ್ತಿಂಗನ್ನು ಮನೆಯ ವಿದ್ಯುತ್ ಅರ್ತಿಂಗ್ ಜೊತೆ ಒಂದುಗೂಡಿಸಬೇಕು. ಎರಡು ಅರ್ತಿಂಗ್‌ಗಳು ಬೇರೆ ಬೇರೆ ಉಳಿದರೆ ಸಿಡಿಲಿನ ಹೊತ್ತಿಗೆ ಅವುಗಳ ನಡುವಿನ ವೋಲ್ಟೇಜು ವ್ಯತ್ಯಾಸ ನಿಮ್ಮ ಸೆಟ್ಟಿನ ಮೂಲಕವೇ ದಾರಿ ಹುಡುಕುತ್ತದೆ. ಇಷ್ಟೆಲ್ಲ ಮಾಡಿದರೂ ನೇರವಾಗಿ ಬಡಿದ ಸಿಡಿಲಿನಿಂದ ಉಪಕರಣ ಉಳಿಯುತ್ತದೆಂದು ಯಾರೂ ಭರವಸೆ ಕೊಡಲಾರರು.

ಅಕ್ಕಪಕ್ಕದವರು ವಿಕಿರಣದ ಭಯ ವ್ಯಕ್ತಪಡಿಸಿದರೆ?

ಪರವಾನಗಿಯ ಪ್ರತಿಯನ್ನು ತೋರಿಸಿ, ಸೆಟ್ಟಿನ ಬಳಿ ಕರೆದು ಒಂದು ಸಂಭಾಷಣೆ ಕೇಳಿಸಿ. ನಮ್ಮ ದೇಶದಲ್ಲಿ ರಿಸ್ಟ್ರಿಕ್ಟೆಡ್ ದರ್ಜೆಯವರಿಗೆ ಎಚ್‌ಎಫ್‌ನಲ್ಲಿ 50 ವಾಟ್, ಜನರಲ್ ದರ್ಜೆಯವರಿಗೆ 400 ವಾಟ್ ಮಿತಿ ಇದೆ. ಹೊಸಬರ ಬಹುಪಾಲು ಸೆಟ್ಟುಗಳು 100 ವಾಟ್ ಒಳಗಿನವು, ಅದೂ ಮಾತಾಡುವಷ್ಟು ಹೊತ್ತು ಮಾತ್ರ. ಇದು ಎಕ್ಸ್‌ರೇಯಂಥ ಅಯಾನೀಕರಿಸುವ ವಿಕಿರಣವಲ್ಲ ಎಂಬುದನ್ನೂ ಹೇಳಿ. ಅವರ ಟಿವಿಯಲ್ಲೋ ಕಾಲಿಂಗ್ ಬೆಲ್ಲಿನಲ್ಲೋ ನಿಮ್ಮ ದನಿ ಕೇಳಿಸುತ್ತಿದೆ ಎಂದರೆ ವಾದ ಮಾಡದೆ ಹೋಗಿ ನೋಡಿ. ಸಾಮಾನ್ಯವಾಗಿ ಅವರ ಉಪಕರಣದ ವೈರಿಗೆ ಒಂದು ಕ್ಲಿಪ್ ಫೆರೈಟ್ ಹಾಕಿದರೆ ಸಮಸ್ಯೆ ಮುಗಿಯುತ್ತದೆ, ಅದರ ಖರ್ಚನ್ನು ನೀವೇ ವಹಿಸುವುದು ಸಂಬಂಧಕ್ಕೆ ಒಳ್ಳೆಯದು.

ಆಂಟೆನಾ ಚೆನ್ನಾಗಿ ಕೆಲಸ ಮಾಡುತ್ತಿದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಒಂದು ದಿನದ ಅನುಭವದಿಂದ ತೀರ್ಮಾನಿಸಬೇಡಿ, ಏಕೆಂದರೆ ಅಯಾನುಗೋಳ ಗಂಟೆಗೊಂದು ರೀತಿ ಇರುತ್ತದೆ. ಕೆಲವು ವಾಟ್‌ಗಳಲ್ಲಿ ಡಬ್ಲ್ಯೂಎಸ್‌ಪಿಆರ್ (ದುರ್ಬಲ ಸಂಕೇತಗಳನ್ನೂ ಗುರುತಿಸುವ ಡಿಜಿಟಲ್ ವಿಧಾನ) ಪ್ರಸಾರ ಮಾಡಿದರೆ ಯಾವ ದೇಶದಲ್ಲಿ, ಎಷ್ಟು ಡೆಸಿಬಲ್ ಮಟ್ಟದಲ್ಲಿ ಕೇಳಿಸಿತು ಎಂಬ ವರದಿ ಅಂತರ್ಜಾಲದಲ್ಲಿ ತಾನಾಗಿ ದಾಖಲಾಗುತ್ತದೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅದನ್ನು ಹೋಲಿಸಿ ನೋಡಬಹುದು. ಕಟ್ಟಿದ ದಿನವೇ ಎಲ್ಲ ಬ್ಯಾಂಡ್‌ಗಳ ಎಸ್‌ಡಬ್ಲ್ಯೂಆರ್ ಅಂಕಿಗಳನ್ನು ದಿನಾಂಕದ ಜೊತೆ ಲಾಗ್ ಪುಸ್ತಕದ ಹಿಂಬದಿಯಲ್ಲಿ ಬರೆದಿಡಿ. ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದಾಗ ಕನಿಷ್ಠ ಬಿಂದು ಕೆಳಗೆ ಸರಿದಿದ್ದರೆ ತಂತಿ ಹಿಗ್ಗಿದೆ ಎಂದು ತಿಳಿಯಿರಿ. ಎಲ್ಲ ಆವೃತ್ತಿಗಳಲ್ಲೂ ಎಸ್‌ಡಬ್ಲ್ಯೂಆರ್ ಅನುಮಾನ ಬರುವಷ್ಟು ಚೆನ್ನಾಗಿ ಕಾಣುತ್ತಿದ್ದು ದೂರದ ಸ್ಟೇಷನ್‌ಗಳು ಮಾತ್ರ ಕ್ಷೀಣಿಸಿದ್ದರೆ, ನೀರು ಕುಡಿದ ಕೇಬಲ್ ಶಕ್ತಿಯನ್ನು ನುಂಗುತ್ತಿರುವ ಸಂಭವವೇ ಹೆಚ್ಚು, ಮೊದಲು ಮೇಲಿನ ತುದಿಯ ಟೇಪು ಬಿಚ್ಚಿ ನೋಡಿ.